ಮೂಡಿಗೆರೆಯ ತೋಟದ ಮದುವೆಗೆ ಎಷ್ಟು ಕ್ಯಾಮರಾ?

ಮದುವೆ ಫೆಬ್ರುವರಿಯಲ್ಲಿ, ಮೂಡಿಗೆರೆ ಹತ್ತಿರದ ಒಂದು ಕಾಫಿ ತೋಟದ ರೆಸಾರ್ಟ್‌ನಲ್ಲಿ. ಹುಡುಗಿ ಮನೆಯವರು ಬೆಂಗಳೂರಿನವರು, ಮೂಲ ಹಾಸನದ ಕಡೆ. ಹುಡುಗನ ಮನೆಯವರು ವಿಜಯವಾಡದವರು. ಎರಡೂ ಕಡೆ ಸೇರಿ 140 ಜನ, ಎರಡು ದಿನದ ಕಾರ್ಯಕ್ರಮ. ಆರತಕ್ಷತೆ ಮಾತ್ರ ಮುಂದಿನ ಭಾನುವಾರ ಬೆಂಗಳೂರಿನ ಚೌಲ್ಟ್ರಿಯಲ್ಲಿ. ಇಂಥ ಮದುವೆಗಳ ಓಡಾಟ, ಲೆಕ್ಕಾಚಾರ ನೋಡಿಕೊಳ್ಳುವುದು ನನ್ನ ಕೆಲಸ. ಮನೆಯವರು ಬರೆಯಲು ಒಪ್ಪಿದ್ದಾರೆ, ಹೆಸರು ಮಾತ್ರ ಬೇಡ ಎಂದಿದ್ದಾರೆ.

ಫೋಟೊ ಟೀಮಿನವರು ಕಳಿಸಿದ ಕೊಟೇಶನ್‌ನಲ್ಲಿ ಎಂಟು ಜನ ಇದ್ದರು. ಕ್ಯಾಂಡಿಡ್ (ಪೋಸ್ ಕೊಡಿಸದೆ, ನಡೆಯುತ್ತಿದ್ದ ಹಾಗೇ ತೆಗೆಯುವ ಫೋಟೊ) ಇಬ್ಬರು, ಟ್ರೆಡಿಷನಲ್ ಫೋಟೊ ಒಬ್ಬರು, ಟ್ರೆಡಿಷನಲ್ ವಿಡಿಯೊ (ಪೂರ್ತಿ ಶಾಸ್ತ್ರದ್ದು) ಒಬ್ಬರು, ಸಿನಿಮ್ಯಾಟಿಕ್ (ಸಿನಿಮಾದ ಹಾಗೆ ಮಾಡುವ ವಿಡಿಯೊ) ಇಬ್ಬರು, ಡ್ರೋನ್‌ಗೆ ಒಬ್ಬರು, ಲೈಟ್ ಹಿಡಿಯೋಕೆ ಒಬ್ಬ ಅಸಿಸ್ಟೆಂಟ್. ಎರಡು ದಿನಕ್ಕೆ 4 ಲಕ್ಷ 60 ಸಾವಿರ. ಹೋಗಿ ಬರುವ ಗಾಡಿ, ಊಟ, ರೂಮು ಬೇರೆ.

ಹುಡುಗಿಯ ತಂದೆ ಫೋನ್ ಮಾಡಿದರು. "ಅಲ್ರೀ, ಇರೋದೇ ನೂರ ನಲವತ್ತು ಜನ. ಅದಕ್ಕೆ ಎಂಟು ಜನ ಕ್ಯಾಮರಾದವರು ಯಾಕ್ರೀ? ನಮ್ಮ ಮದುವೇಲಿ ಸಾವಿರ ಜನಕ್ಕೆ ಒಬ್ಬನೇ ಫೋಟೊಗ್ರಾಫರ್ ಇದ್ದ."

ಹುಡುಗಿ ಹೇಳಿದ್ದು ಬೇರೆ. "ಎಂಟು ಜನಾನೇ ಇರಲಿ. ಏನೂ ಮಿಸ್ ಆಗಬಾರದು ಅಷ್ಟೆ."

ಇಬ್ಬರ ಮಾತಿನಲ್ಲೂ ಅರ್ಥವಿದೆ, ಆದರೆ ಇಬ್ಬರೂ ತಪ್ಪು ಲೆಕ್ಕ ಹಿಡಿದಿದ್ದರು. ತಂದೆ ಬರುವ ಜನರನ್ನು ಎಣಿಸುತ್ತಿದ್ದರು. ಮಗಳು ತಪ್ಪಿಹೋಗಬಹುದಾದ ಫೋಟೊಗಳನ್ನು ಎಣಿಸುತ್ತಿದ್ದಳು. ನಾನು ಎಣಿಸುವುದು ಜಾಗಗಳನ್ನು. ಒಂದೇ ಹೊತ್ತಿಗೆ, ಮತ್ತೆ ಮಾಡಿಸಲಾಗದ ಕೆಲಸ ಎಷ್ಟು ಕಡೆ ನಡೆಯುತ್ತದೆ? ಅಷ್ಟು ಜನ ಬೇಕು. ಉಳಿದವರೆಲ್ಲ ಅನುಕೂಲಕ್ಕೆ.

ಎರಡು ದಿನದ ಪಟ್ಟಿ

ಹಾಗಾಗಿ ಮೊದಲು ಪುರೋಹಿತರ ಹತ್ತಿರ ಕೂತು ಶಾಸ್ತ್ರಗಳನ್ನು ಹೊತ್ತಿನ ಪ್ರಕಾರ ಬರೆದುಕೊಂಡೆ. ಟೀಮಿನವರು ಕಳಿಸುವ ಪಟ್ಟಿಯಲ್ಲಿ "ಹಳದಿ, ಸಂಗೀತ್, ಮುಹೂರ್ತ" ಎಂದಷ್ಟೇ ಇರುತ್ತದೆ. ಯಾವುದು ಯಾವುದರ ಜೊತೆ ಒಂದೇ ಹೊತ್ತಿಗೆ ಬೀಳುತ್ತದೆ ಅನ್ನೋದು ಅದರಲ್ಲಿ ಗೊತ್ತಾಗಲ್ಲ.

ಮೊದಲ ದಿನ ಸುಲಭ. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಬಂದು ಸೇರುತ್ತಾರೆ. ಮೂರು ಗಂಟೆಗೆ ಚಪ್ಪರದ ಪೂಜೆ, ಅರಿಶಿನ. ಐದಕ್ಕೆ ಹುಡುಗನ ಕಡೆಯವರನ್ನು ಎದುರುಗೊಳ್ಳುವುದು, ವರಪೂಜೆ. ಆ ಹೊತ್ತಿಗೆ ಮೇಲಿನ ಬಂಗಲೆಯಲ್ಲಿ ಮೆಹಂದಿ ನಡೆದಿರುತ್ತದೆ. ರಾತ್ರಿ ಸಂಗೀತ್. ಒಟ್ಟಿಗೆ ಎರಡು ಕಡೆ ಬೀಳುವುದು ಆ ಒಂದು ಗಂಟೆ ಮಾತ್ರ. ಮೆಹಂದಿಯನ್ನು ಅರ್ಧ ಗಂಟೆ ಬಿಟ್ಟು ಹೋಗಿ ತೆಗೆದರೂ ನಡೆಯುತ್ತದೆ, ಅದು ಎಲ್ಲೂ ಓಡಿಹೋಗಲ್ಲ.

ಕಷ್ಟ ಇರುವುದೆಲ್ಲ ಎರಡನೇ ದಿನದ ಬೆಳಿಗ್ಗೆ. ಮುಹೂರ್ತ ಮೇಷ ಲಗ್ನದಲ್ಲಿ, 10.20ರಿಂದ 11.10. ಅದಕ್ಕೂ ಮುಂಚೆ, ಎಂಟೂವರೆಯಿಂದ ಹುಡುಗ ಛತ್ರಿ, ಕೋಲು ಹಿಡಿದು ಕಾಶಿಯಾತ್ರೆಗೆ ಹೊರಡುತ್ತಾನೆ. ಹುಡುಗಿಯ ತಂದೆ ಹೋಗಿ, ಕಾಶಿ ಬೇಡಪ್ಪ, ಮಗಳನ್ನು ಕೊಡ್ತೀನಿ ಬಾ ಎಂದು ಕರೆತರಬೇಕು. ಸರಿಯಾಗಿ ಅದೇ ಹೊತ್ತಿಗೆ ಹುಡುಗಿ ಗೌರಿ ಪೂಜೆಗೆ ಕೂತಿರುತ್ತಾಳೆ. ಚೌಲ್ಟ್ರಿಯಲ್ಲಾದರೆ ಇದು ಒಂದು ಹಜಾರದ ಅಂತರ. ಒಬ್ಬನೇ ಫೋಟೊಗ್ರಾಫರ್ ಓಡಾಡಿ ನಿಭಾಯಿಸುತ್ತಾನೆ. ಇಲ್ಲಿ ಹುಡುಗಿಯ ಕಾಟೇಜು ಗುಡ್ಡದ ಮೇಲೆ, ಹುಲ್ಲುಹಾಸು ಕೆಳಗೆ. ನಡುವೆ ಕಾಫಿ ಗಿಡದ ಸಾಲು, ಏರು ದಾರಿ. ಕ್ಯಾಮರಾ ಹೊತ್ತು ಹತ್ತೋಕೆ ಹತ್ತು ನಿಮಿಷ.

ಅಂದರೆ ಆ ಹೊತ್ತಿಗೆ ಎರಡು ಜಾಗ, ಎರಡೂ ಮತ್ತೆ ಮಾಡಿಸಲಾಗದವು. ಮೂರನೆಯ ಜಾಗ ಅಂದರೆ ಮಂಟಪದ ಅಲಂಕಾರ, ಹೂವು, ಬಂದವರ ಓಡಾಟ. ಅಲಂಕಾರದ ಫೋಟೊವನ್ನು ಏಳು ಗಂಟೆಗೇ ಮುಗಿಸಬಹುದು. ಆಗ ಮಂಜು ಇನ್ನೂ ಬಿಟ್ಟಿರಲ್ಲ, ಫೋಟೊ ಚೆನ್ನಾಗಿಯೇ ಬರುತ್ತದೆ.

ಅಂತರಪಟದ ಎರಡು ಬದಿ

ಮುಹೂರ್ತದ ಹೊತ್ತು ಎಲ್ಲರೂ ಒಂದೇ ಕಡೆ ಇರುತ್ತಾರೆ. ಒಂದೇ ಜಾಗ, ಒಂದೇ ಕ್ಯಾಮರಾ ಸಾಕು ಅನ್ನಿಸುತ್ತದೆ ಅಲ್ವಾ? ಸಾಕಾಗಲ್ಲ. ನಡುವೆ ಅಂತರಪಟ ಇದೆ.

ಈ ಪುರೋಹಿತರ ಪದ್ಧತಿಯಲ್ಲಿ ಹುಡುಗ ಪೂರ್ವಕ್ಕೆ ಮುಖ ಮಾಡಿ ನಿಲ್ಲುತ್ತಾನೆ, ಹುಡುಗಿ ಪಶ್ಚಿಮಕ್ಕೆ. ಹತ್ತೂವರೆ ಹೊತ್ತಿಗೆ ಬಿಸಿಲು ಆಗ್ನೇಯದಿಂದ ಬರುತ್ತದೆ. ಹುಡುಗನ ಮುಖದ ಮೇಲೆ ನೇರ ಬೆಳಕು, ಹುಡುಗಿಯ ಮುಖಕ್ಕೆ ನೆರಳು, ಬೆನ್ನಿಗೆ ಬಿಸಿಲು. ಸಾಲದ್ದಕ್ಕೆ ಮೇಲೆ ಸಿಲ್ವರ್ ಓಕ್ ಮರಗಳು. ಎಲೆಗಳ ಸಂದಿಯಿಂದ ಬಿಸಿಲಿನ ಚುಕ್ಕೆಗಳು ಬಿದ್ದು ಒಂದು ಕೆನ್ನೆ ಬೆಳ್ಳಗೆ, ಒಂದು ಕೆನ್ನೆ ಕಪ್ಪಗೆ ಕಾಣುತ್ತದೆ. ಹುಡುಗನ ಮುಖದ ಬೆಳಕಿಗೆ ಹೊಂದಿಸಿದ ಎಕ್ಸ್‌ಪೋಷರ್‌ನಲ್ಲಿ ಹುಡುಗಿಯನ್ನು ತೆಗೆದರೆ ಮುಖ ಕತ್ತಲೆ. ಹುಡುಗಿಗೆ ಹೊಂದಿಸಿದರೆ ಹುಡುಗನ ಬಿಳಿ ಶಲ್ಯ ಫೋಟೊದಲ್ಲಿ ಬರೀ ಬೆಳ್ಳಗಾಗಿ ನೆರಿಗೆಯೂ ಕಾಣಲ್ಲ.

ಪಟ ಸರಿಯುವುದು ಒಂದು ಕ್ಷಣದ ಮಾತು. ವಾಲಗದವರು ಗಟ್ಟಿಮೇಳಕ್ಕೆ ಏರುತ್ತಾರೆ, ಅಕ್ಷತೆ ಬೀಳುತ್ತದೆ, ಇಬ್ಬರೂ ಒಬ್ಬರ ತಲೆ ಮೇಲೆ ಒಬ್ಬರು ಜೀರಿಗೆ ಬೆಲ್ಲ ಇಡುತ್ತಾರೆ. ಹುಡುಗನ ಮನೆಯವರಿಗೆ, ಅಂದರೆ ತೆಲುಗಿನವರಿಗೆ, ಈ ಜೀರಿಗೆ ಬೆಲ್ಲವೇ ಮುಹೂರ್ತ. ಹುಡುಗಿಯ ಮನೆಯವರಿಗೆ ತಾಳಿ ಕಟ್ಟುವ ಗಳಿಗೆ ಮುಖ್ಯ. ಎರಡು ಮನೆಯವರನ್ನೂ ಬೇರೆ ಬೇರೆಯಾಗಿ ಕೂರಿಸಿ "ಯಾವ ಫೋಟೊ ಇಲ್ಲದಿದ್ದರೆ ನಿಮಗೆ ಬೇಜಾರಾಗುತ್ತದೆ?" ಎಂದು ಕೇಳಿದ್ದಕ್ಕೆ ಇದು ಗೊತ್ತಾಯಿತು. ಟೀಮಿನ ಮುಖ್ಯಸ್ಥ ಆವರೆಗೆ ಜೀರಿಗೆ ಬೆಲ್ಲವನ್ನು ಸುಮ್ನೆ ಒಂದು ಶಾಸ್ತ್ರ ಅಂತ ಲೆಕ್ಕ ಹಾಕಿದ್ದರು.

ಇಲ್ಲಿಗೆ ಫೋಟೊಗೆ ಕನಿಷ್ಠ ಇಬ್ಬರು ಬೇಕು ಎನ್ನುವುದು ಗಟ್ಟಿಯಾಯಿತು. ಪಟದ ಒಂದೊಂದು ಬದಿಗೆ ಒಬ್ಬೊಬ್ಬರು, ಇಬ್ಬರದೂ ಬೇರೆ ಬೇರೆ ಸೆಟ್ಟಿಂಗ್. ಇಬ್ಬರೂ ಒಂಟಿಯಾಗಿ ಇಡೀ ಮದುವೆ ತೆಗೆಯಬಲ್ಲವರಾಗಿರಬೇಕು, ಒಬ್ಬರು ಕಲಿಯುವವರಾದರೆ ಆಗಲ್ಲ. ಬೆಂಗಳೂರಿನಲ್ಲಿ ಒಬ್ಬರಿಗೆ ಜ್ವರ ಬಂದರೆ ಒಂದು ಫೋನ್ ಮಾಡಿದರೆ ಗಂಟೆಯೊಳಗೆ ಇನ್ನೊಬ್ಬರು ಬರುತ್ತಾರೆ. ಹಾಸನ, ಬೇಲೂರು ದಾಟಿ ಐದು ಗಂಟೆ ದಾರಿಯ ತೋಟಕ್ಕೆ ಬೆಳಿಗ್ಗೆ ಆರಕ್ಕೆ ಯಾರು ಬರ್ತಾರೆ?

ಎರಡನೆಯವರು ಯಾರು ಅನ್ನೋದರ ಮೇಲೆ ಸ್ವಲ್ಪ ಜಗ್ಗಾಟ ನಡೆಯಿತು. ಹುಡುಗಿಗೆ ಇಬ್ಬರೂ ಕ್ಯಾಂಡಿಡ್‌ನವರೇ ಬೇಕಿತ್ತು. ಟ್ರೆಡಿಷನಲ್ ಅಂದರೆ "ಎಲ್ರೂ ಈ ಕಡೆ ನೋಡಿ" ಅನ್ನುವ ಸ್ಟೇಜ್ ಫೋಟೊ, ಅದು ಆರತಕ್ಷತೆಗೆ ಇರಲಿ ಎಂದಳು. ನಾನು ಒಪ್ಪಲಿಲ್ಲ. ಈಗಿನ ಮದುವೆಗಳಲ್ಲಿ ಎಲ್ಲರೂ ಮೊದಲು ಕತ್ತರಿ ಹಾಕುವುದು ಈ ಟ್ರೆಡಿಷನಲ್ ಫೋಟೊಗ್ರಾಫರ್‌ಗೆ. ನನ್ನ ಪ್ರಕಾರ ಅವರೇ ಕೊನೆಗೆ ಹೋಗಬೇಕಾದವರು. ಧಾರೆ ಆದ ಮೇಲೆ ಏನು, ಲಾಜಹೋಮಕ್ಕೆ ಅರಳು ಹಾಕುವವರು ಯಾರು, ಕಾಲುಂಗುರ ಯಾವಾಗ, ಇದೆಲ್ಲ ಅವರಿಗೆ ಬಾಯಿಪಾಠ. ಹೊಗೆ ಯಾವ ಕಡೆ ಬೀಸುತ್ತದೆ ಎಂದು ನೋಡಿ ಮುಂಚೆಯೇ ಆಚೆ ಬದಿಗೆ ಹೋಗಿ ನಿಂತಿರುತ್ತಾರೆ. ಪುರೋಹಿತರಿಗೆ "ಸ್ವಾಮಿ, ಒಂದು ನಿಮಿಷ, ಕೈ ಸ್ವಲ್ಪ ಈ ಕಡೆ" ಎಂದು ಹೇಳುವ ಸಲಿಗೆಯೂ ಅವರಿಗೇ ಇರುವುದು. ಕೊನೆಗೆ ಒಬ್ಬರು ಕ್ಯಾಂಡಿಡ್, ಒಬ್ಬರು ಟ್ರೆಡಿಷನಲ್ ಎಂದು ತೀರ್ಮಾನವಾಯಿತು.

ಮಂಚದ ಲೆಕ್ಕ

ಇಷ್ಟರಲ್ಲಿ ರೆಸಾರ್ಟ್‌ನ ರೂಮಿನ ಪಟ್ಟಿ ಬಂತು. ನೆಂಟರಿಗೆ ಹಂಚಿ ಉಳಿದಿದ್ದು ಮೂರು ರೂಮು, ಅಂದರೆ ಆರು ಜನ. ಹೆಚ್ಚಿನವರಿಗೆ ಮೂಡಿಗೆರೆ ಪೇಟೆಯ ಲಾಡ್ಜ್ ನೋಡಬಹುದಿತ್ತು. ಆದರೆ ಮುಹೂರ್ತದ ದಿನ ಬೆಳಿಗ್ಗೆ ಮಂಜಿನಲ್ಲಿ, ತೋಟದ ದಾರಿಯಲ್ಲಿ, ಎದುರಿಗೆ ಗಾಡಿ ಬಂದರೆ ಹಿಂದಕ್ಕೆ ತೆಗೆದುಕೊಂಡು ಹೋಗಬೇಕಾದ ಕಡೆ ಕ್ಯಾಮರಾದವರು ಸಿಕ್ಕಿಕೊಂಡರೆ? ಆ ಅಪಾಯ ಬೇಡವೇ ಬೇಡ ಎಂದೆ. ಕೆಲಸ ಮಾಡುವವರೆಲ್ಲ ತೋಟದಲ್ಲೇ ಮಲಗಬೇಕು. ಡ್ರೈವರ್‌ಗೂ ಒಂದು ಮಂಚ ಬೇಕು. ರಾತ್ರಿಯೆಲ್ಲ ಗಾಡಿಯಲ್ಲಿ ಮುದುಡಿ ಮಲಗಿದವರು ಮಾರನೇ ದಿನ ಘಾಟಿ ದಾರಿಯಲ್ಲಿ ಗಾಡಿ ಓಡಿಸುವುದು ಯಾರಿಗೂ ಒಳ್ಳೆಯದಲ್ಲ. ಹಾಗೆ ಟೀಮಿಗೆ ಉಳಿದಿದ್ದು ಐದು ಜಾಗ.

ದೂರದ ಊರಿನ ಮದುವೆಯಲ್ಲಿ ಕೊಟೇಶನ್ ನೋಡುವವರು ತಲಾ ದಿನಗೂಲಿಯನ್ನಷ್ಟೇ ನೋಡುತ್ತಾರೆ. ಒಬ್ಬರು ಹೆಚ್ಚಾದರೆ ಅರ್ಧ ರೂಮು, ಎರಡು ದಿನದ ಊಟ, ಗಾಡಿಯಲ್ಲಿ ಒಂದು ಸೀಟು, ಅವರ ಸಾಮಾನಿನ ಪೆಟ್ಟಿಗೆ ಎಲ್ಲವೂ ಹೆಚ್ಚು. ಎಂಟು ಜನರಿಗೆ ಟೆಂಪೊ ಟ್ರಾವೆಲರ್ ಬೇಕು. ಐದು ಜನ, ಮೇಲೆ ಕ್ಯಾರಿಯರ್ ಇರುವ ಇನ್ನೋವಾದಲ್ಲಿ ಬರುತ್ತಾರೆ. "ಬರೀ ಮುಹೂರ್ತಕ್ಕೆ ಒಬ್ಬರು ಬಂದು ಹೋಗಲಿ" ಎಂಬ ಸಲಹೆಯೂ ಬಂತು. ಅರ್ಧ ದಿನದ ಕೆಲಸಕ್ಕೆ ಎರಡು ದಿನದ ದುಡ್ಡು ಕೊಡಬೇಕಾಗುತ್ತದೆ ಎಂದು ಅದನ್ನು ಕೈಬಿಟ್ಟೆವು.

ಡ್ರೋನ್‌ನ ಮಾತು ಬೇಗ ಮುಗಿಯಿತು, ಅದನ್ನು ಮುಗಿಸಿದವರು ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ಎಸ್ಟೇಟ್ ರೈಟರ್. ಜಾಗ ನೋಡೋಕೆ ಹೋದಾಗ ಅವರು ಹುಲ್ಲುಹಾಸಿನ ಪಕ್ಕದ ದೊಡ್ಡ ಮರದತ್ತ ಕೈ ತೋರಿಸಿದರು. ಕೊಂಬೆಯಲ್ಲಿ ಹೆಜ್ಜೇನು ಗೂಡು. "ಆ ಗುಂಯ್ ಅನ್ನೋದನ್ನ ಇದರ ಹತ್ರ ಹಾರಿಸಿದ್ರೆ ನಿಮ್ಮ ಮದುವೆ ಮನೇಲಿ ಒಬ್ರೂ ನಿಲ್ಲಲ್ಲ" ಎಂದರು. ಡ್ರೋನ್‌ನವರು ನಿಯಮದ ಮಾತು ಎತ್ತಿದರು. 250 ಗ್ರಾಂ ಒಳಗಿನದಕ್ಕೆ ಪೈಲಟ್ ಸರ್ಟಿಫಿಕೇಟ್ ಬೇಡ, 2021ರ ಡ್ರೋನ್ ನಿಯಮದಲ್ಲೇ ಇದೆ ಅಂತ. ಅದು ಸರಿಯೇ. ಆದರೆ ಹೆಜ್ಜೇನು ಆ ನಿಯಮ ಓದಿಲ್ಲವಲ್ಲ. ತೋಟದ ಮೇಲಿನ ನೋಟ ಬೇಕೆಂದರೆ ಗುಡ್ಡದ ತುದಿಯ ಕಾಟೇಜಿನ ಜಗಲಿಯಿಂದ ತೆಗೆಯಬಹುದು ಎಂದು ಒಪ್ಪಿಕೊಂಡರು.

ಹಿಂದಿನ ದಿನ ಬೇಲೂರಿನಲ್ಲಿ ಇಳಿದು ದೇವಸ್ಥಾನದ ಮುಂದೆ ಜೋಡಿ ಫೋಟೊ ತೆಗೆಯುವ ಯೋಜನೆಯೂ ಒಂದಿತ್ತು, ಅದಕ್ಕೆಂದೇ ಎರಡನೇ ಸಿನಿಮ್ಯಾಟಿಕ್‌ನವರು. ಪುರಾತತ್ತ್ವ ಇಲಾಖೆಯ ಸ್ಮಾರಕದಲ್ಲಿ ಟ್ರೈಪಾಡ್ ಇಟ್ಟು ಶೂಟ್ ಮಾಡಲು ಮುಂಚೆಯೇ ಅನುಮತಿ ಬೇಕು. ಯಾರೂ ಕೇಳಿರಲಿಲ್ಲ. ಅದೂ ಹೋಯಿತು, ಆ ಜಾಗವೂ ಹೋಯಿತು.

ಅಪ್ಪನ ಮುಖ

ಐದು ಜನ ಅಂದಾಗ ಹುಡುಗಿ ಕೇಳಿದ ಒಂದು ಪ್ರಶ್ನೆಗೆ ನನ್ನ ಹತ್ತಿರ ತಕ್ಷಣ ಉತ್ತರ ಇರಲಿಲ್ಲ. "ಪಟದ ಆ ಕಡೆ ಒಬ್ಬರು, ಈ ಕಡೆ ಒಬ್ಬರು. ಸರಿ. ಆಗ ಅಪ್ಪನ ಮುಖ ಯಾರು ತೆಗೀತಾರೆ?"

ನ್ಯಾಯವಾದ ಪ್ರಶ್ನೆ. ಧಾರೆ ಎರೆಯುವಾಗ ಕ್ಯಾಮರಾಗಳೆಲ್ಲ ಕೈಗಳ ಮೇಲಿರುತ್ತವೆ. ತೆಂಗಿನಕಾಯಿ, ಅದರ ಮೇಲೆ ಸುರಿಯುವ ನೀರು, ಸೇರಿದ ಕೈಗಳು. ಎಲ್ಲ ಆಲ್ಬಂಗಳಲ್ಲೂ ಈ ಫೋಟೊ ಇರುತ್ತದೆ. ನೀರು ಬಿಡುವವರ ಮುಖ ಎಷ್ಟೋ ಆಲ್ಬಂಗಳಲ್ಲಿ ಇರಲ್ಲ.

ಟೀಮಿನ ಮುಖ್ಯಸ್ಥರು ಒಂದು ದಾರಿ ಹೇಳಿದರು. ಪೂರ್ತಿ ಶಾಸ್ತ್ರದ ವಿಡಿಯೊ ಹೇಗೂ ಎದುರಿನ ಟ್ರೈಪಾಡ್‌ನಲ್ಲಿ ಓಡುತ್ತಿರುತ್ತದೆ. ಸಿನಿಮ್ಯಾಟಿಕ್‌ನವರು ಆ ಹದಿನೈದು ನಿಮಿಷ ವಧೂವರರನ್ನು ಬಿಟ್ಟು ಬರೀ ಮನೆಯವರ ಮುಖ ಹಿಡಿಯಲಿ. 4ಕೆ ವಿಡಿಯೊದ ಒಂದು ಫ್ರೇಮ್ ಅಂದರೆ ಎಂಟು ಮೆಗಾಪಿಕ್ಸೆಲ್‌ಗಿಂತ ಸ್ವಲ್ಪ ಹೆಚ್ಚು. ಅದರಿಂದ ತೆಗೆದ ಚಿತ್ರ 8x12 ಇಂಚಿನ ಪ್ರಿಂಟ್‌ಗೆ ಚೆನ್ನಾಗಿಯೇ ಬರುತ್ತದೆ. ತೊಡಕು ಒಂದಿದೆ. ವಿಡಿಯೊದಲ್ಲಿ ಒಂದೊಂದು ಫ್ರೇಮಿಗೆ ಶಟರ್ ಸಾಮಾನ್ಯವಾಗಿ ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ಹೊತ್ತು ತೆರೆದಿರುತ್ತದೆ. ಓಡಾಡುವವರು, ಕೈ ಬೀಸುವವರು ಅದರಲ್ಲಿ ಕಲಸಿಹೋಗುತ್ತಾರೆ. ಆದರೆ ಧಾರೆ ಎರೆಯುವ ತಂದೆ ಅಲುಗಾಡದೆ ನಿಂತಿರುತ್ತಾರೆ. ಅವರ ಮುಖಕ್ಕೆ ಅಷ್ಟು ಸಾಕು. ಅಕ್ಷತೆ ಹಾರುವ ಫೋಟೊಗೆ ಇದು ನಡೆಯಲ್ಲ, ಅದು ಸ್ಟಿಲ್ ಕ್ಯಾಮರಾದವರ ಪಾಲು.

ಮೊಬೈಲ್‌ನಲ್ಲಿ ಹಳೆಯ ಮದುವೆಯೊಂದರ ಇಂಥ ಫ್ರೇಮ್ ತೋರಿಸಿದ ಮೇಲೆ ಹುಡುಗಿ ಒಪ್ಪಿದಳು.

ಎರಡು ಟೀಮು ಬೇಡ

ನಿಜವಾದ ತಲೆನೋವು ಬೇರೆ ಕಡೆಯಿಂದ ಬಂತು. ಹುಡುಗನ ತಾಯಿ ತಮ್ಮ ಕಡೆಯಿಂದ ಇಬ್ಬರು ಫೋಟೊಗ್ರಾಫರ್‌ಗಳು ಬರುತ್ತಾರೆ ಎಂದು ಹೇಳಿಬಿಟ್ಟರು. ಅವರ ಅನುಮಾನಕ್ಕೆ ಕಾರಣವಿತ್ತು. ಹೆಣ್ಣಿನ ಕಡೆಯವರು ಗೊತ್ತು ಮಾಡಿದ ಫೋಟೊಗ್ರಾಫರ್‌ಗೆ ಗಂಡಿನ ಕಡೆಯ ದೊಡ್ಡಪ್ಪ ಯಾರು, ಪಕ್ಕದ ಮನೆಯವರು ಯಾರು ಗೊತ್ತಿರಲ್ಲ. ಹಿರಿಮಗನ ಮದುವೆಯ ಆಲ್ಬಂನಲ್ಲಿ ಅವರ ಸ್ವಂತ ಅಣ್ಣನದೇ ಒಂದು ನೆಟ್ಟಗಿನ ಫೋಟೊ ಇರಲಿಲ್ಲವಂತೆ.

ಆದರೆ ಎರಡು ಟೀಮು ಒಂದು ಮಂಟಪದ ಸುತ್ತ ನಿಂತರೆ ಏನಾಗುತ್ತದೆ ಎನ್ನುವುದು ಈ ಕೆಲಸದಲ್ಲಿರುವವರಿಗೆ ಗೊತ್ತು. ಇವರ ಫ್ರೇಮಿನಲ್ಲಿ ಅವರು, ಅವರ ಫ್ರೇಮಿನಲ್ಲಿ ಇವರು. ತಾಳಿ ಕಟ್ಟುವಾಗ ವಧೂವರರ ಹಿಂದೆ ನಾಲ್ಕು ಕಪ್ಪು ಟೀಶರ್ಟ್.

ತಾಯಿಯ ಜೊತೆ ಹುಡುಗನೇ ಕೂತು ಮಾತಾಡಿದ. ಎರಡು ವಿಷಯಕ್ಕೆ ಒಪ್ಪಂದವಾಯಿತು. ಮದುವೆಯ ನಂತರ ವಿಜಯವಾಡದ ಮನೆಯಲ್ಲಿ ನಡೆಯುವ ಸತ್ಯನಾರಾಯಣ ವ್ರತಕ್ಕೆ ಅವರದೇ ಫೋಟೊಗ್ರಾಫರ್. ಮೂಡಿಗೆರೆಯಲ್ಲಿ ಒಂದೇ ಟೀಮು, ಆದರೆ ಹುಡುಗನ ಚಿಕ್ಕಪ್ಪನ ಮಗಳು ಎರಡೂ ದಿನ ಟ್ರೆಡಿಷನಲ್ ಫೋಟೊಗ್ರಾಫರ್ ಜೊತೆ ಇದ್ದು "ಇವರು ನಮ್ಮ ಪೆದ್ದನಾನ್ನ, ಅವರು ಅಮ್ಮಮ್ಮ" ಎಂದು ತೋರಿಸಬೇಕು. ಕೈಯಲ್ಲಿ ಗ್ರೂಪ್ ಫೋಟೊಗಳ ಪಟ್ಟಿ. ಹೆಣ್ಣಿನ ಕಡೆಗೆ ಹುಡುಗಿಯ ಸೋದರಮಾವ. ಸಂಬಳವಿಲ್ಲದ ಇಂಥ ಒಬ್ಬರು ಎರಡನೇ ಟೀಮಿನ ಕೆಲಸ ಮಾಡಿಬಿಡುತ್ತಾರೆ.

ಅಂತೂ ಪಟ್ಟಿ ಹೀಗೆ ನಿಂತಿತು. ಕ್ಯಾಂಡಿಡ್ ಒಬ್ಬರು, ಟ್ರೆಡಿಷನಲ್ ಫೋಟೊ ಒಬ್ಬರು, ಪೂರ್ತಿ ವಿಡಿಯೊಗೆ ಒಬ್ಬರು, ಸಿನಿಮ್ಯಾಟಿಕ್ ಒಬ್ಬರು, ಅಸಿಸ್ಟೆಂಟ್ ಒಬ್ಬರು. 3 ಲಕ್ಷ 5 ಸಾವಿರ. ಅಸಿಸ್ಟೆಂಟ್‌ನನ್ನೂ ತೆಗೆಯೋಣ ಎಂದು ಹುಡುಗಿಯ ತಂದೆ ಕೇಳಿದರು. ಬೇಡ ಎಂದೆ. ಲೈಟ್ ಹಿಡಿಯುವುದು ಅವನ ಕೆಲಸದಲ್ಲಿ ಅರ್ಧ ಮಾತ್ರ. ಪ್ರತಿ ಕಾರ್ಯಕ್ರಮ ಮುಗಿದ ತಕ್ಷಣ ಎಲ್ಲರ ಕಾರ್ಡುಗಳನ್ನು ಎರಡು ಡಿಸ್ಕ್‌ಗೆ ಕಾಪಿ ಮಾಡುವುದು, ಬ್ಯಾಟರಿ ಚಾರ್ಜಿಗೆ ಹಾಕುವುದು, ಪುರೋಹಿತರ ಶಲ್ಯಕ್ಕೆ ಮೈಕ್ ಸಿಕ್ಕಿಸುವುದು ಅವನೇ. ಈ ಕೆಲಸ ಫೋಟೊಗ್ರಾಫರ್‌ಗೆ ಬಿದ್ದರೆ ಐದು ಜನ ಇದ್ದೂ ನಾಲ್ಕೂವರೆ ಆದ ಹಾಗೆ.

ನಡೆದದ್ದು

ಮೊದಲ ದಿನ ವಿಶೇಷವೇನಿಲ್ಲ. ಸಂಗೀತ್‌ನಲ್ಲಿ ಒಂಬತ್ತಕ್ಕೇ ಟ್ರೆಡಿಷನಲ್ ಫೋಟೊಗ್ರಾಫರನ್ನು ಊಟ ಮಾಡಿಸಿ ಮಲಗಲು ಕಳಿಸಿದೆವು, ಅವರು ಆರಕ್ಕೆ ಏಳಬೇಕಿತ್ತು. ಹನ್ನೊಂದರ ಮೇಲೆ ನಡೆದ ಡ್ಯಾನ್ಸ್‌ಗೆ ಒಂದೇ ಸ್ಟಿಲ್ ಕ್ಯಾಮರಾ. ಅದರ ಫೋಟೊ ಕಡಿಮೆ ಎಂದು ಹುಡುಗನ ಗೆಳೆಯರು ಆಮೇಲೆ ಗೊಣಗಿದರು. ಇರಲಿ.

ಎರಡನೇ ದಿನ ಮಂಜು ಬಿಟ್ಟಿದ್ದು ಎಂಟರ ಹೊತ್ತಿಗೆ. ಕಾಶಿಯಾತ್ರೆಗೆ ಟ್ರೆಡಿಷನಲ್‌ನವರು ಮತ್ತು ವಿಡಿಯೊದವರು, ಗೌರಿ ಪೂಜೆಗೆ ಕ್ಯಾಂಡಿಡ್ ಮತ್ತು ಸಿನಿಮ್ಯಾಟಿಕ್‌ನವರು. ಹುಡುಗ ಛತ್ರಿ ಹಿಡಿದು ನಿಜವಾಗಲೂ ಕಾಫಿ ಸಾಲಿನೊಳಗೆ ಓಡಿಹೋದ. ಅವನ ಹಿಂದೆ ಪಂಚೆ ಎತ್ತಿ ಕಟ್ಟಿದ ಮಾವ. ಒಬ್ಬರೇ ಫೋಟೊಗ್ರಾಫರ್ ಇದ್ದಿದ್ದರೆ ಇದೋ ಅಥವಾ ಗೌರಿಯ ಮುಂದೆ ಕೂತ ಹುಡುಗಿಯೋ, ಯಾವುದಾದರೂ ಒಂದು ಖಂಡಿತ ತಪ್ಪುತ್ತಿತ್ತು.

ಅಂತರಪಟದ ಎರಡೂ ಬದಿ ಸಿಕ್ಕಿತು. ತಂದೆಯ ಮುಖವೂ ಸಿಕ್ಕಿತು. ಆಲ್ಬಂನಲ್ಲಿ ಅದನ್ನು ಒಂದು ಪೂರ್ತಿ ಪುಟಕ್ಕೆ ಹಾಕಿದ್ದಾರೆ, ವಿಡಿಯೊದಿಂದ ತೆಗೆದದ್ದು ಎಂದು ಹೇಳದಿದ್ದರೆ ಗೊತ್ತಾಗಲ್ಲ.

ಸಿಗದೆ ಹೋಗಿದ್ದೂ ಇದೆ. ಗ್ರೂಪ್ ಫೋಟೊಗಳನ್ನು ಊಟದ ನಂತರಕ್ಕೆ ಇಟ್ಟಿದ್ದೆವು. ಹುಡುಗನ ಸೋದರತ್ತೆಯ ಮನೆಯವರಿಗೆ ಬೆಂಗಳೂರಿನಿಂದ ರಾತ್ರಿ ವಿಮಾನ. ಮೊದಲ ಪಂಕ್ತಿಯಲ್ಲಿ ಉಂಡು ಹೊರಟೇಬಿಟ್ಟರು. ಪಟ್ಟಿಯಲ್ಲಿ ಅವರು ಒಂಬತ್ತನೆಯವರು. ಆ ಹೊತ್ತಿಗೆ ಕ್ಯಾಂಡಿಡ್‌ನವರು ಅರುಂಧತಿ ತೋರಿಸುವ ಶಾಸ್ತ್ರದಲ್ಲಿ, ಟ್ರೆಡಿಷನಲ್‌ನವರು ಉಡುಗೊರೆ ಕೊಡುವವರ ಸಾಲಿನ ಮುಂದೆ. ಮೂರನೇ ಸ್ಟಿಲ್ ಕ್ಯಾಮರಾ ಇದ್ದಿದ್ದರೆ ಸಿಗುತ್ತಿತ್ತು, ಸುಳ್ಳು ಹೇಳಲ್ಲ. ಆದರೆ ಪಟ್ಟಿಯಲ್ಲಿ ಹೆಸರಿನ ಪಕ್ಕ "ಎಷ್ಟು ಹೊತ್ತಿಗೆ ಹೊರಡುತ್ತಾರೆ" ಎಂಬ ಒಂದು ಕಾಲಂ ಇದ್ದಿದ್ದರೂ ಸಿಗುತ್ತಿತ್ತು. ಈಗ ಎಲ್ಲ ಮದುವೆಯ ಪಟ್ಟಿಗೂ ಆ ಕಾಲಂ ಹಾಕುತ್ತೇವೆ. ಸೋದರತ್ತೆಯ ಮನೆಯವರನ್ನು ವ್ರತದ ದಿನ ವಿಜಯವಾಡದ ಫೋಟೊಗ್ರಾಫರ್ ವಧೂವರರ ಜೊತೆ ನಿಲ್ಲಿಸಿ ತೆಗೆದರು, ಆ ಫೋಟೊ ಆಲ್ಬಂಗೆ ಸೇರಿತು.

ನೆಂಟರ ಮೊಬೈಲ್ ಫೋಟೊಗಳಿಗೆ ಕ್ಯೂಆರ್ ಕೋಡ್ ಇಟ್ಟು ಒಂದು ಸಾಮಾನ್ಯ ಆಲ್ಬಂ ಮಾಡಿದ್ದೆವು. ತೋಟದಲ್ಲಿ ನೆಟ್‌ವರ್ಕ್ ಅಷ್ಟಕ್ಕಷ್ಟೆ. ಎಲ್ಲರೂ ಊರಿಗೆ ಹೋದ ಮೇಲೆ ಹಾಕಿದರು. ಸಂಗೀತ್‌ನ ಡ್ಯಾನ್ಸ್ ಅದರಲ್ಲಿ ಬೇಕಾದಷ್ಟಿತ್ತು, ಗೆಳೆಯರ ಗೊಣಗಾಟ ಅಲ್ಲಿಗೆ ನಿಂತಿತು.

ಮುಂದಿನ ಭಾನುವಾರದ ಆರತಕ್ಷತೆಗೆ ಒಂಬೈನೂರು ಜನರನ್ನು ಕರೆದಿದ್ದರು. ಒಂದು ಸ್ಟೇಜು, ಒಂದು ಸಾಲು, ಸಂಜೆ ಏಳರಿಂದ ಹತ್ತೂವರೆ. ಅಲ್ಲಿಗೆ ಮೂರೇ ಜನ ಸಾಕಾಯಿತು. ಸ್ಟೇಜ್ ಫೋಟೊಗೆ ಅದೇ ಟ್ರೆಡಿಷನಲ್ ಫೋಟೊಗ್ರಾಫರ್, ವಿಡಿಯೊಗೆ ಒಬ್ಬರು, ಕೆಳಗೆ ಓಡಾಡಿಕೊಂಡು ತೆಗೆಯಲು ಒಬ್ಬರು ಕ್ಯಾಂಡಿಡ್. ಮನೆಗೆ ಹೋಗಿ ಮಲಗುವವರೇ ಆದ್ದರಿಂದ ರೂಮಿನ ಲೆಕ್ಕ ಬರಲಿಲ್ಲ.